ನಾನು ಪಡೆಯದ ಸಾಲ ನನ್ನ ಸಿಬಿಲ್ ವರದಿಯಲ್ಲಿದೆ: ಏನು ಮಾಡಲಿ, ಪರಿಹಾರ ಯಾರಿಂದ?

ಪ್ರಶ್ನೆ: ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಹತ್ತು ವರ್ಷಗಳಿಂದ ನಮ್ಮ ಕುಟುಂಬದ ಆರೋಗ್ಯ ವಿಮೆ ಒಂದೇ ಕಂಪನಿಯಲ್ಲಿದೆ. ಕೆಲವು ತಿಂಗಳ ಹಿಂದೆ ಆ ಕಂಪನಿ, ತನ್ನ ಕಂಪ್ಯೂಟರ್ ವ್ಯವಸ್ಥೆಗೆ ಯಾರೋ ನುಗ್ಗಿದ್ದಾರೆ, ನಿಮ್ಮ ಮಾಹಿತಿ ಸೋರಿಕೆಯಾಗಿರಬಹುದು ಎಂದು ಇಮೇಲ್ ಕಳುಹಿಸಿತ್ತು. ನಾವು ಗಮನ ಕೊಡಲಿಲ್ಲ. ಈಗ ಮನೆ ಸಾಲಕ್ಕೆ ಅರ್ಜಿ ಹಾಕಿದರೆ, ನನ್ನ ಸಿಬಿಲ್ ಸ್ಕೋರ್ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) 640ಕ್ಕೆ ಇಳಿದಿದೆ, 38,000 ರೂಪಾಯಿ ವೈಯಕ್ತಿಕ ಸಾಲ ಕಟ್ಟಿಲ್ಲ ಎಂದು ಬ್ಯಾಂಕಿನವರು ಹೇಳುತ್ತಿದ್ದಾರೆ. ಆ ಸಾಲವನ್ನು ನಾನು ಪಡೆದೇ ಇಲ್ಲ. ಸಾಲ ಕೊಟ್ಟ ಆ್ಯಪ್ ಕಂಪನಿಯ ವಸೂಲಿಯವರು ದಿನವೂ ಕರೆ ಮಾಡುತ್ತಾರೆ. ಮರ್ಯಾದೆಯ ಪ್ರಶ್ನೆ, ಕಟ್ಟಿ ಮುಗಿಸಿಬಿಡೋಣ ಎನ್ನುತ್ತಾರೆ ನನ್ನ ಪತಿ. ಕಟ್ಟಬೇಕೆ? ವಿಮಾ ಕಂಪನಿಯಿಂದ ಪರಿಹಾರ ಸಿಗುತ್ತದೆಯೆ?

ಉತ್ತರ: ಮೊದಲು ನಿಮ್ಮ ಪತಿಯವರ ಮಾತಿಗೆ ಉತ್ತರಿಸುತ್ತೇನೆ. ಕಟ್ಟಬೇಡಿ. ‘ಅರ್ಧ ಕಟ್ಟಿ, ಖಾತೆ ಮುಚ್ಚಿಕೊಡುತ್ತೇವೆ’ ಎಂದು ಅವರು ಆಸೆ ತೋರಿಸಿದರೂ ಬೇಡ. ಒಂದೇ ಒಂದು ಕಂತು ಕಟ್ಟಿದರೂ ‘ಸಾಲ ನನ್ನದಲ್ಲ’ ಎಂಬ ನಿಮ್ಮ ಮಾತಿನ ಬಲ ಕುಗ್ಗುತ್ತದೆ. ನಿಮ್ಮದಲ್ಲದಿದ್ದರೆ ಏಕೆ ಕಟ್ಟಿದಿರಿ ಎಂದು ಅವರು ಕೇಳುತ್ತಾರೆ. ಅರ್ಧಕ್ಕೆ ಮುಗಿಸಿಕೊಂಡರೆ ವರದಿಯಲ್ಲಿ ಆ ಖಾತೆಯ ಮುಂದೆ ‘ಸೆಟಲ್ಡ್’ ಎಂಬ ಪದ ಕೂರುತ್ತದೆ. ಕೇಳಲು ಸೌಮ್ಯವಾದ ಪದ. ಆದರೆ ಸಾಲ ಮಂಜೂರು ಮಾಡುವ ಅಧಿಕಾರಿ ಅದನ್ನು ‘ಪೂರ್ತಿ ಕಟ್ಟದೆ ಕೈತೊಳೆದುಕೊಂಡವರು’ ಎಂದೇ ಓದುತ್ತಾನೆ. ನಾನೂ ಹಾಗೆಯೇ ಓದುತ್ತಿದ್ದೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಕುಳಿತು, ನಿವೃತ್ತಿಯ ಬಳಿಕ ಗ್ರಾಹಕರ ದೂರುಗಳಿಗೆ ನೆರವಾಗುತ್ತಿರುವವನು ನಾನು. ಇಂಥ ವರದಿ ಹಿಡಿದು ಬರುವವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದ ಒಳಜೇಬಿನಲ್ಲಿ ತಂದಿರುತ್ತಾರೆ. ಪಕ್ಕದ ಕುರ್ಚಿಯವರಿಗೆ ಕೇಳಿಸದ ಹಾಗೆ ಮಾತನಾಡುತ್ತಾರೆ. ಕದ್ದವನು ಯಾರೋ, ತಲೆ ತಗ್ಗಿಸುವವರು ಇವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಇದರಲ್ಲಿ ನಿಮ್ಮ ಮರ್ಯಾದೆಯ ಪ್ರಶ್ನೆ ಎಲ್ಲಿಯೂ ಇಲ್ಲ.

ನಿಮ್ಮ ಪತ್ರದಲ್ಲಿ ಎರಡು ವ್ಯಾಜ್ಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡಬೇಕು. ಒಂದು, ಸಾಲ ಕೊಟ್ಟವರ ಜೊತೆ: ಎದುರಿಗಿರುವವರು ಯಾರೆಂದು ಸರಿಯಾಗಿ ಪರಿಶೀಲಿಸದೆ ಹಣ ಕೊಟ್ಟು ಅದನ್ನು ನಿಮ್ಮ ಹೆಸರಿಗೆ ಬರೆದಿದ್ದಾರೆ. ಇನ್ನೊಂದು, ವಿಮಾ ಕಂಪನಿಯ ಜೊತೆ: ನಂಬಿ ಕೊಟ್ಟ ಮಾಹಿತಿಯನ್ನು ಕಾಪಾಡಲಿಲ್ಲ. ಮೊದಲನೆಯದರಲ್ಲಿ ಮಾಹಿತಿ ಎಲ್ಲಿಂದ ಸೋರಿತು ಎಂಬುದನ್ನು ನೀವು ಸಾಬೀತು ಮಾಡಬೇಕಾಗಿಲ್ಲ. ಸಾಲ ನನ್ನದಲ್ಲ ಎಂದರೆ ಸಾಕು, ನಿಮ್ಮದೇ ಎಂದು ದಾಖಲೆ ಸಹಿತ ತೋರಿಸಬೇಕಾದವರು ಅವರು. ಎರಡನೆಯದರಲ್ಲಿ ಸೋರಿಕೆಗೂ ನಿಮ್ಮ ನಷ್ಟಕ್ಕೂ ಇರುವ ನಂಟನ್ನು ನೀವೇ ಕಟ್ಟಿಕೊಡಬೇಕು. ಮೊದಲನೆಯದು ಕೆಲವು ತಿಂಗಳಲ್ಲಿ ಗೆಲ್ಲಬಹುದಾದದ್ದು, ಎರಡನೆಯದು ವರ್ಷಗಳ ದಾರಿ. ವಿಮಾ ಕಂಪನಿಯ ಮೇಲಿನ ಸಿಟ್ಟಿನಲ್ಲಿ ಸಾಲದ ನಮೂದನ್ನು ಮರೆತು ಕುಳಿತವರನ್ನು ನಾನು ನೋಡಿದ್ದೇನೆ. ಆ ನಮೂದಿನಲ್ಲಿ ಬಾಕಿಯ ದಿನಗಳು ಮಾತ್ರ ಬೆಳೆಯುತ್ತಲೇ ಇರುತ್ತವೆ.

ಈ ಸಂಜೆಯೇ ಮಾಡಬೇಕಾದ ಕೆಲಸ, ನಿಮ್ಮ ಪೂರ್ಣ ಸಾಲ ವರದಿಯನ್ನು ತೆಗೆಸುವುದು. ಬ್ಯಾಂಕಿನವರು ಹೇಳಿದ ಸ್ಕೋರ್ ಬರೀ ಒಂದು ಅಂಕೆ, ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಮಾಹಿತಿ ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಜನ ಎಲ್ಲವನ್ನೂ ಸೇರಿಸಿ ‘ಸಿಬಿಲ್’ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಆದೇಶದಂತೆ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಈಗ ನಾಲ್ಕನ್ನೂ ತೆಗೆಸಿ, ಏಕೆಂದರೆ ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಕಾಣಬಹುದು. ಮುಂದಿನ ವರ್ಷದಿಂದ ಮೂರು ತಿಂಗಳಿಗೊಂದರಂತೆ ತೆಗೆಸಿದರೆ ಕಾಸು ಖರ್ಚಿಲ್ಲದೆ ವರ್ಷವಿಡೀ ಕಾವಲು ಕಾದಂತಾಗುತ್ತದೆ.

ವರದಿ ಬಂದ ಮೇಲೆ ಸ್ಕೋರಿನ ಪುಟದಲ್ಲೇ ನಿಲ್ಲದೆ ಒಳಗೆ ಹೋಗಿ. ನಿಮ್ಮ ಹೆಸರು, ವಿಳಾಸ, ಫೋನ್ ಇರುವ ಭಾಗವನ್ನು ಎಲ್ಲರೂ ಹಾರಿಸುತ್ತಾರೆ. ನಿಮಗೆ ಬೇಕಾದ ಸಾಕ್ಷ್ಯ ಅಲ್ಲಿರಬಹುದು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರ ವರದಿಯಲ್ಲಿ, ಅವರು ಕಾಲಿಡದ ಊರಿನ ವಿಳಾಸವೋ ಅವರದಲ್ಲದ ಮೊಬೈಲ್ ಸಂಖ್ಯೆಯೋ ಕುಳಿತಿದ್ದರೆ, ಅದು ವಂಚಕ ಸಾಲದ ಅರ್ಜಿಯಲ್ಲಿ ಕೊಟ್ಟದ್ದು ಎಂದು ಊಹಿಸಲು ಕಷ್ಟವಿಲ್ಲ. ಮುಂದೆ ಖಾತೆಗಳ ಭಾಗ. ಪ್ರತಿ ಸಾಲದ ಕೆಳಗೆ ತಿಂಗಳುಗಳ ಸಾಲು, ಅದರ ಅಡಿಯಲ್ಲಿ 000, 000, 031, 061 ಎಂಬಂಥ ಅಂಕೆಗಳು. ಕಂತು ಎಷ್ಟು ದಿನ ಬಾಕಿ ಎಂಬ ಲೆಕ್ಕ ಅದು, ಬ್ಯಾಂಕಿನವರು ಡಿಪಿಡಿ ಎನ್ನುತ್ತಾರೆ. ಸ್ಕೋರನ್ನು ಕೆಳಗೆ ಎಳೆಯುವುದು ಇದೇ. ಕೊನೆಯಲ್ಲಿ ವಿಚಾರಣೆಗಳ ಭಾಗ, ಅಂದರೆ ನಿಮ್ಮ ವರದಿಯನ್ನು ಯಾವ ಸಂಸ್ಥೆ ಯಾವ ದಿನ ತೆಗೆದು ನೋಡಿದೆ ಎಂಬ ಪಟ್ಟಿ. ನೀವು ಅರ್ಜಿ ಹಾಕದ ಕಂಪನಿಗಳ ಹೆಸರು ಅಲ್ಲಿ ಸಾಲಾಗಿ ಇದ್ದರೆ, ಕಳ್ಳ ಬೇರೆ ಬಾಗಿಲುಗಳನ್ನೂ ತಟ್ಟಿದ್ದಾನೆ ಎಂದರ್ಥ. ಆ ಪ್ರತಿಯೊಂದು ಕಂಪನಿಗೂ ನೀವು ಪತ್ರ ಬರೆಯಬೇಕು.

ಇನ್ನು ಪತ್ರದ ವಿಷಯ. ತಿದ್ದುಪಡಿಯ ಅರ್ಜಿಯನ್ನು ಸಾಲ ಕೊಟ್ಟ ಕಂಪನಿಗೂ ವರದಿ ಸಂಸ್ಥೆಗಳಿಗೂ ಒಂದೇ ದಿನ ಕಳುಹಿಸಿ. ವರದಿ ಸಂಸ್ಥೆ ತಾನಾಗಿ ನಮೂದನ್ನು ಅಳಿಸುವುದಿಲ್ಲ, ಸಾಲ ಕೊಟ್ಟವರನ್ನು ಕೇಳಿಯೇ ಬದಲಿಸುತ್ತದೆ. ಹಾಗಾಗಿ ಒಬ್ಬರಿಗೆ ಮಾತ್ರ ಬರೆದರೆ ಅವರು ಇವರನ್ನು ತೋರಿಸುತ್ತಾರೆ, ಇವರು ಅವರನ್ನು. ಸಾಲ ಕೊಟ್ಟವರಿಗೆ ಬರೆಯುವ ಪತ್ರದಲ್ಲಿ ಅಳಲು ಬೇಡ, ದಾಖಲೆ ಕೇಳಿ. ನಾನು ಹೀಗೆ ಬರೆಸುತ್ತೇನೆ:

‘ಈ ಸಂಖ್ಯೆಯ ಸಾಲವನ್ನು ನಾನು ಕೇಳಿಲ್ಲ, ಪಡೆದಿಲ್ಲ, ಯಾವ ಒಪ್ಪಂದಕ್ಕೂ ಸಹಿ ಮಾಡಿಲ್ಲ. ಅರ್ಜಿಯೊಂದಿಗೆ ಪಡೆದ ಗುರುತಿನ ದಾಖಲೆ ಮತ್ತು ಭಾವಚಿತ್ರ, ಸಾಲದ ಒಪ್ಪಂದ, ಒಟಿಪಿ ಹೋದ ಮೊಬೈಲ್ ಸಂಖ್ಯೆ, ಅರ್ಜಿ ಬಂದ ಐಪಿ ವಿಳಾಸ, ಹಣ ಜಮೆಯಾದ ಬ್ಯಾಂಕ್ ಖಾತೆ ಮತ್ತು ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆ (ಯುಟಿಆರ್), ಇವುಗಳ ಪ್ರತಿಯನ್ನು ಒದಗಿಸಿ. ತನಿಖೆ ಮುಗಿಯುವವರೆಗೆ ವಸೂಲಿ ನಿಲ್ಲಿಸಿ. ಎಲ್ಲ ಸಾಲ ಮಾಹಿತಿ ಸಂಸ್ಥೆಗಳಿಂದ ಈ ನಮೂದನ್ನು ತೆಗೆಸಿ, ಲಿಖಿತವಾಗಿ ತಿಳಿಸಿ.’

ಈ ಪಟ್ಟಿಯಲ್ಲಿ ಅತಿ ಮುಖ್ಯವಾದದ್ದು ಹಣ ಜಮೆಯಾದ ಖಾತೆ. ಆ್ಯಪ್ ಮೂಲಕ ಕೊಡುವ ಸಾಲದ ಹಣ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಾಲಗಾರರ ಸ್ವಂತ ಬ್ಯಾಂಕ್ ಖಾತೆಗೇ ನೇರವಾಗಿ ಹೋಗಬೇಕು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ, 2025ರ ನಿರ್ದೇಶನಗಳಲ್ಲೂ ಅದನ್ನು ಉಳಿಸಿಕೊಂಡಿದೆ. 38,000 ರೂಪಾಯಿ ನಿಮ್ಮದಲ್ಲದ ಖಾತೆಗೆ ಹೋಗಿದ್ದರೆ ಕಂಪನಿ ಆ ನಿಯಮವನ್ನು ಮೀರಿದೆ. ನಿಮ್ಮ ಎಲ್ಲ ಬ್ಯಾಂಕ್ ಖಾತೆಗಳ ಆ ತಿಂಗಳ ಸ್ಟೇಟ್‌ಮೆಂಟ್ ಲಗತ್ತಿಸಿ, ಅಂಥ ಜಮೆ ಬಂದಿಲ್ಲ ಎಂದು ತೋರಿಸಿ. ಯಾವ ಭಾವುಕ ಮಾತಿಗಿಂತಲೂ ಈ ಒಂದು ಹಾಳೆ ಗಟ್ಟಿ.

ಪತ್ರ ತಲುಪಿದ ದಿನದಿಂದ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿ, 2024ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮವೊಂದಿದೆ. ಸಾಲದ ಮಾಹಿತಿ ತಿದ್ದುವಂತೆ ಕೊಟ್ಟ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಆ ಬಳಿಕದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಸಾಲ ಕೊಟ್ಟವರು 21 ದಿನಗಳೊಳಗೆ ತಿದ್ದಿದ ಮಾಹಿತಿಯನ್ನು ವರದಿ ಸಂಸ್ಥೆಗೆ ಕಳುಹಿಸಬೇಕು. ಕಳುಹಿಸದಿದ್ದರೆ ಹೊಣೆ ಅವರದು, ಅವರು ಕಳುಹಿಸಿಯೂ ವರದಿ ಸಂಸ್ಥೆ ತಡ ಮಾಡಿದರೆ ಹೊಣೆ ವರದಿ ಸಂಸ್ಥೆಯದು. ದಿನಕ್ಕೆ ನೂರು ರೂಪಾಯಿ ದೊಡ್ಡ ಮೊತ್ತವಲ್ಲ ಎನಿಸಬಹುದು. ಆದರೆ ಇದನ್ನು ಪಡೆಯಲು ನಷ್ಟ ಸಾಬೀತು ಮಾಡಬೇಕಿಲ್ಲ, ತಡವಾದರೆ ಸಾಕು. ಆ ಮೀಟರ್ ಓಡುತ್ತಿದೆ ಎಂದು ಪತ್ರದಲ್ಲಿ ಒಂದು ಸಾಲು ಬರೆದರೂ ಕಡತ ಬೇಗ ಚಲಿಸುತ್ತದೆ. ತಿದ್ದಲು ಒಪ್ಪದಿದ್ದರೆ ಕಾರಣವನ್ನೂ ಅವರು ತಿಳಿಸಬೇಕು.

ಮೂವತ್ತು ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪುವಂಥದ್ದಲ್ಲ ಎಂದಾದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಿ. ಅವರ ಸಿಎಂಎಸ್ ಜಾಲತಾಣದಲ್ಲಿ ದೂರು ಸಲ್ಲಿಸಬಹುದು, ವಿಚಾರಿಸಲು 14448 ಸಂಖ್ಯೆ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ. 2022ರ ಸೆಪ್ಟೆಂಬರ್‌ನಿಂದ ಸಿಬಿಲ್‌ನಂಥ ವರದಿ ಸಂಸ್ಥೆಗಳೂ ಈ ವ್ಯವಸ್ಥೆಯೊಳಗೆ ಬಂದಿವೆ. ಆದ್ದರಿಂದ ಸಾಲ ಕೊಟ್ಟ ಕಂಪನಿಯ ಮೇಲೂ ವರದಿ ಸಂಸ್ಥೆಯ ಮೇಲೂ ದೂರು ಕೊಡಿ. ಹಣದ ನಷ್ಟಕ್ಕಷ್ಟೇ ಅಲ್ಲ, ಅಲೆದಾಟಕ್ಕೆ, ಮಾನಸಿಕ ಕಿರುಕುಳಕ್ಕೆ ಬೇರೆಯಾಗಿ ಪರಿಹಾರ ಕೊಡಿಸುವ ಅಧಿಕಾರ ಒಂಬುಡ್ಸ್‌ಮನ್‌ಗೆ ಇದೆ. ಅರ್ಜಿಯಲ್ಲಿ ಅದನ್ನು ಕೇಳಲು ಮರೆಯಬೇಡಿ, ಬಹಳ ಮಂದಿ ಆ ಅಂಕಣವನ್ನು ಖಾಲಿ ಬಿಡುತ್ತಾರೆ.

ಪೊಲೀಸ್ ದೂರು ಇದರ ಜೊತೆಜೊತೆಗೇ ಆಗಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದಾಖಲಿಸಿ ಸ್ವೀಕೃತಿ ಸಂಖ್ಯೆ ಪಡೆಯಿರಿ, ಬಳಿಕ ನಿಮ್ಮ ಜಿಲ್ಲೆಯ ಸೆನ್ ಠಾಣೆಗೆ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆ) ಹೋಗಿ. ಬೇರೆಯವರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಅಡಿ ಮೂರು ವರ್ಷದವರೆಗೆ ಸೆರೆವಾಸವಿರುವ ಅಪರಾಧ. ‘ನಿಮ್ಮ ಹಣ ಹೋಗಿಲ್ಲವಲ್ಲ, ಮತ್ತೇಕೆ ದೂರು’ ಎಂದು ಠಾಣೆಯಲ್ಲಿ ಕೇಳಿದರೆ ಈ ಕಲಮನ್ನು ಹೇಳಿ. ಎಫ್‌ಐಆರ್ ಆಗದಿದ್ದರೆ ಕನಿಷ್ಠ ಹಿಂಬರಹವನ್ನಾದರೂ, ಅಂದರೆ ದೂರಿಗೆ ಠಾಣೆ ಕೊಡುವ ಲಿಖಿತ ಉತ್ತರವನ್ನು, ಕೇಳಿ ಪಡೆಯಿರಿ. ಕಂಪನಿಯ ತನಿಖಾ ವಿಭಾಗದವರು ಮೊದಲು ಕೇಳುವುದು ಈ ಕಾಗದವನ್ನೇ.

ವಸೂಲಿಯವರ ಕರೆಗಳ ಬಗ್ಗೆ ಎರಡೇ ಮಾತು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿ ವಸೂಲಿಗೆ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ಬೆದರಿಕೆ, ಅವಮಾನ, ನೆಂಟರಿಷ್ಟರಿಗೆ ಕಾಟ ಕೊಡುವುದು ಯಾವ ಹೊತ್ತಿನಲ್ಲೂ ಸಲ್ಲದು. ಪ್ರತಿ ಕರೆಯ ದಿನಾಂಕ, ವೇಳೆ, ಸಂಖ್ಯೆ ಬರೆದಿಟ್ಟುಕೊಳ್ಳಿ. ವಾದಕ್ಕೆ ಇಳಿಯದೆ ‘ದೂರು ದಾಖಲಾಗಿದೆ, ಸಂಖ್ಯೆ ಬರೆದುಕೊಳ್ಳಿ’ ಎಂದು ಹೇಳಿ ಫೋನ್ ಇಡಿ.

ಆದ ಗಾಯಕ್ಕೆ ಮದ್ದು ಹಾಕುವಾಗಲೇ ಉಳಿದ ಬಾಗಿಲುಗಳನ್ನೂ ಮುಚ್ಚಬೇಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ ಎನ್ನಬೇಡಿ, ಈ ಕಳ್ಳರು ಒಂದೇ ಸಲ ಬಂದು ಹೋಗುವವರಲ್ಲ. ಸೋರಿದ ಮಾಹಿತಿ ಕೈಯಿಂದ ಕೈಗೆ ಮಾರಾಟವಾಗುತ್ತದೆ. ಅಮೆರಿಕದಲ್ಲಿರುವ ನಿಮ್ಮ ಬಂಧುಗಳು ‘ಕ್ರೆಡಿಟ್ ಫ್ರೀಜ್ ಮಾಡಿಸು’ ಎಂದು ಸಲಹೆ ಕೊಡಬಹುದು. ಅಲ್ಲಿ 2018ರ ಸೆಪ್ಟೆಂಬರ್‌ನಿಂದ ಅದು ಎಲ್ಲರಿಗೂ ಉಚಿತವಾಗಿ ಸಿಗುವ ಕಾನೂನುಬದ್ಧ ಹಕ್ಕು: ನಾನು ಬೀಗ ತೆಗೆಯುವವರೆಗೆ ಹೊಸ ಸಾಲ ಕೊಡುವವರಾರೂ ನನ್ನ ವರದಿ ನೋಡುವಂತಿಲ್ಲ ಎಂದು ಹೇಳಿಬಿಡಬಹುದು. ನಮ್ಮಲ್ಲಿ ಅಂಥ ಹಕ್ಕನ್ನು ಕಾನೂನು ಇನ್ನೂ ಕೊಟ್ಟಿಲ್ಲ. ಕೊಡಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಪ್ಯಾನ್ ಸಂಖ್ಯೆ ಜೀವನಪರ್ಯಂತ ಒಂದೇ ಇರುವ ದೇಶದಲ್ಲಿ, ಸೋರಿದ ಮೇಲೆ ಬೀಗ ಹಾಕಲು ಒಂದು ಅಗಳಿಯಾದರೂ ಬೇಡವೆ? ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಎಚ್ಚರಿಕೆಯ ಗಂಟೆ ಮಾತ್ರ. ನಿಮ್ಮ ವರದಿಯನ್ನು ಯಾರಾದರೂ ತೆಗೆದು ನೋಡಿದರೆ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕು ಎಂಬ ನಿಯಮವಿದೆ. ನಾಲ್ಕೂ ಸಂಸ್ಥೆಗಳಲ್ಲಿ ನಿಮ್ಮ ಈಗಿನ ಮೊಬೈಲ್ ಸಂಖ್ಯೆಯೇ ಇದೆಯೇ ನೋಡಿಕೊಳ್ಳಿ. ಹಳೆಯ ಸಂಖ್ಯೆ ಇದ್ದರೆ ಗಂಟೆ ಬಾರಿಸುವುದು ಇನ್ನೊಬ್ಬರ ಮನೆಯಲ್ಲಿ.

ಆಧಾರ್‌ನ ಬೆರಳಚ್ಚಿಗೆ ಎಂಆಧಾರ್ ಆ್ಯಪ್‌ನಲ್ಲಿ ಬೀಗ ಹಾಕಿ. 2023ರಲ್ಲಿ ಮಂಗಳೂರು, ಬೆಂಗಳೂರಿನ ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಹೋಗಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ನೋಂದಣಿ ಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿರುವ ಶಂಕೆ ಆಗ ಎದ್ದಿತ್ತು. ಮನೆ ಖರೀದಿಗೆ ಹೊರಟಿರುವ ನಿಮಗೆ ಈ ಬೀಗ ಇಮ್ಮಡಿ ಅಗತ್ಯ. ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನ ತೆರೆದು, ಮತ್ತೆ ಮುಚ್ಚಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಹಾಕಿ ಹುಡುಕಿ. ನಿಮಗೆ ಗೊತ್ತಿಲ್ಲದ ಅಂಗಡಿಯೊಂದು ನಿಮ್ಮ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿರಬಾರದು. ಖಾತೆಯಿಂದಲೇ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನ ಸೋರಿಕೆಯಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ಆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ತಿಂಗಳ ಸುತ್ತೋಲೆ ಹೇಳುತ್ತದೆ.

ಸೋರಿಕೆಯ ನಂತರ ಬರುವ ಕರೆಗಳ ವಿಷಯದಲ್ಲಿ ಒಂದು ಎಚ್ಚರ. ‘ಮೇಡಂ, ನಿಮ್ಮ ಪಾಲಿಸಿ ಸಂಖ್ಯೆ ಇಂಥದ್ದು, ಕಳೆದ ವರ್ಷ ನಿಮ್ಮ ಅತ್ತೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗೆ ಇಷ್ಟು ಪಾವತಿಯಾಗಿದೆ, ಸೋರಿಕೆಯ ಪರಿಹಾರ ಮಂಜೂರಾಗಿದೆ, ಒಟಿಪಿ ಹೇಳಿ’ ಎಂದು ಯಾರಾದರೂ ಕೇಳಿದರೆ, ಇಷ್ಟೆಲ್ಲ ಗೊತ್ತಿರುವವರು ಕಂಪನಿಯವರೇ ಇರಬೇಕು ಎಂದು ಮನಸ್ಸು ನಂಬಿಬಿಡುತ್ತದೆ. ಕದ್ದ ಮಾಹಿತಿಯ ದೊಡ್ಡ ಉಪಯೋಗವೇ ಈ ನಂಬಿಕೆ ಹುಟ್ಟಿಸುವುದು. ಹಣ ಕೊಟ್ಟರೆ ಸಿಬಿಲ್ ಸರಿಮಾಡಿಸುತ್ತೇವೆ ಎನ್ನುವ ಏಜೆಂಟರನ್ನೂ ದೂರವಿಡಿ. ಅವರು ಹಾಕುವುದು ನೀವೇ ಉಚಿತವಾಗಿ ಹಾಕಬಹುದಾದ ಅರ್ಜಿಯನ್ನು.

ಈಗ ವಿಮಾ ಕಂಪನಿಯ ವಿಷಯ. ಪರಿಹಾರ ಕೇಳಬಹುದು, ಆದರೆ ಹೊಸ ಕಾನೂನಿನ ಕುರಿತು ಒಂದು ತಪ್ಪು ನಂಬಿಕೆ ವ್ಯಾಪಕವಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸುರಕ್ಷತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡವಿದೆ. ಇದನ್ನು ಓದಿದವರು ಅದರಲ್ಲಿ ತಮಗೂ ಪಾಲು ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಆ ದಂಡ ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ ಹೋಗುತ್ತದೆ. ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡಿಸುವ ದಾರಿಯನ್ನು ಆ ಕಾಯ್ದೆ ಇಟ್ಟಿಲ್ಲ. ಅಷ್ಟೇ ಅಲ್ಲ, ಪರಿಹಾರ ಕೊಡಿಸುತ್ತಿದ್ದ ಹಳೆಯ ಕಲಮನ್ನೂ ಅದು ತೆಗೆದುಹಾಕುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಸಲ್ಲಿಸಿದ್ದ ಅರ್ಜಿಯ ಮೇಲೆ. ಆ ತೀರ್ಪಿನ ಬೆನ್ನಿಗೆ ಬಂದ ಕಾಯ್ದೆಯಲ್ಲಿ ನೊಂದವರಿಗೇ ಜಾಗವಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಆ ಹಳೆಯ ಕಲಂ ಎಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ. ಸೂಕ್ಷ್ಮ ವೈಯಕ್ತಿಕ ಮಾಹಿತಿಯನ್ನು ಕಾಪಾಡುವಲ್ಲಿ ಕಂಪನಿ ಅಲಕ್ಷ್ಯ ತೋರಿ, ಅದರಿಂದ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡಬೇಕು ಎನ್ನುತ್ತದೆ. ಐದು ಕೋಟಿ ರೂಪಾಯಿವರೆಗಿನ ಬೇಡಿಕೆಗಳನ್ನು ವಿಚಾರಿಸುವವರು ಆಯಾ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ. ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ಹೊಸ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. 43ಎ ರದ್ದಾಗುವುದು ಹದಿನೆಂಟು ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ. ಈ ದಾರಿ ಹಿಡಿಯುವುದಾದರೆ ಅದಕ್ಕೆ ಮೊದಲೇ ಅರ್ಜಿ ಹಾಕಿ. ಅರ್ಜಿ ಬರೆಯುವಾಗ ಒಂದು ಸೂಕ್ಷ್ಮವಿದೆ. 43ಎ ಕಲಮಿನಡಿ ಮಾಡಿದ 2011ರ ನಿಯಮಗಳಲ್ಲಿ ‘ಸೂಕ್ಷ್ಮ ಮಾಹಿತಿ’ ಎಂದು ಹೆಸರಿಸಿರುವುದು ಪಾಸ್‌ವರ್ಡ್, ಬ್ಯಾಂಕ್ ಮತ್ತು ಕಾರ್ಡ್ ವಿವರ, ಆರೋಗ್ಯ ಸ್ಥಿತಿ, ವೈದ್ಯಕೀಯ ದಾಖಲೆ, ಬಯೋಮೆಟ್ರಿಕ್ ಇಂಥವನ್ನು. ಪ್ಯಾನ್ ಸಂಖ್ಯೆ ಆ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ನಿಮ್ಮ ಆರೋಗ್ಯ ದಾಖಲೆ ಮತ್ತು ಬ್ಯಾಂಕ್ ಖಾತೆಯ ವಿವರ ಸೋರಿದ್ದನ್ನು ಅರ್ಜಿಯ ಮೊದಲ ಪುಟದಲ್ಲೇ ಹೇಳಿ, ಪ್ಯಾನ್ ಆಮೇಲೆ ಬರಲಿ.

ನನ್ನನ್ನು ಕೇಳಿದರೆ, ನಿಮ್ಮಂಥವರಿಗೆ ಹತ್ತಿರದ ಬಾಗಿಲು ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗ. ಗ್ರಾಹಕ ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನು ಮೀರಿ ಬೇರೆಯವರಿಗೆ ಬಿಟ್ಟುಕೊಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಹೇಳುತ್ತದೆ. ‘ನಾವು ಬಿಟ್ಟುಕೊಟ್ಟಿಲ್ಲ, ನಮ್ಮಲ್ಲೇ ಕಳವಾಗಿದೆ’ ಎಂದು ಕಂಪನಿ ವಾದಿಸುವುದು ಖಂಡಿತ. ಅದಕ್ಕಾಗಿ, ಅಲಕ್ಷ್ಯದಿಂದಾದ ಸೇವಾ ನ್ಯೂನತೆ ಎಂಬ ಇನ್ನೊಂದು ಆಧಾರವನ್ನೂ ದೂರಿನಲ್ಲಿ ಸೇರಿಸಿ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಕಂಪನಿಯ ಕೇಂದ್ರ ಕಚೇರಿ ಎಲ್ಲಿದ್ದರೂ ಸರಿ. ನೀವು ಕಟ್ಟಿದ ಪ್ರೀಮಿಯಂ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. ನಿಮ್ಮ ಶಾಲೆಯ ಬೇರೆ ಶಿಕ್ಷಕರಿಗೂ ಅದೇ ಕಂಪನಿಯ ಪಾಲಿಸಿ ಇದ್ದು ಅದೇ ಇಮೇಲ್ ಬಂದಿದ್ದರೆ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಕೊಡಲೂ ಅವಕಾಶವಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ಒಂದು ದೂರು ಇರಲಿ. ಅಲ್ಲಿ ಪರಿಹಾರ ಸಿಗದಿದ್ದರೂ ಕಂಪನಿ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರ ಆಯೋಗದಲ್ಲಿ ಕೆಲಸಕ್ಕೆ ಬರುತ್ತದೆ.

ಎಷ್ಟು ಸಿಗಬಹುದು ಎಂದು ಕೇಳುತ್ತೀರಿ. ದೊಡ್ಡ ಮೊತ್ತದ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ. ಅಮೆರಿಕದಲ್ಲಿ 2017ರಲ್ಲಿ ಇಕ್ವಿಫ್ಯಾಕ್ಸ್ ಸಂಸ್ಥೆಯಿಂದಲೇ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿತು. 2019ರ ರಾಜಿಯಲ್ಲಿ 125 ಡಾಲರ್ ಸಿಗುತ್ತದೆಂದು ಅರ್ಜಿ ಹಾಕಿದ ಬಹಳ ಮಂದಿಗೆ ಕೊನೆಗೆ ಬಂದದ್ದು ಕೆಲವೇ ಡಾಲರ್. ನಷ್ಟವನ್ನು ದಾಖಲೆ ಸಹಿತ ತೋರಿಸಿದವರಿಗೆ ಮಾತ್ರ 20,000 ಡಾಲರ್‌ವರೆಗೆ ಅವಕಾಶವಿತ್ತು. ಓಡಾಟಕ್ಕೆ ಕಳೆದ ಹೊತ್ತಿಗೂ ಗಂಟೆಗೆ 25 ಡಾಲರ್ ಎಂದು ಬೆಲೆ ಕಟ್ಟಿದ್ದರು. ಇಲ್ಲಿಯೂ ಕಾಗದ ಇಟ್ಟುಕೊಂಡವರ ಮಾತೇ ನಡೆಯುವುದು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಠಾಣೆಗೆ ಹೋದ ದಿನ, ಹಾಕಿದ ಅರ್ಧ ದಿನದ ರಜೆ, ಸ್ಪೀಡ್ ಪೋಸ್ಟ್ ರಸೀದಿ, ಬಸ್ ಟಿಕೆಟ್, ಎಲ್ಲವೂ ಅದರಲ್ಲಿರಲಿ. ಕಂಪನಿ ಕಳುಹಿಸಿದ ಆ ಇಮೇಲ್ ಅನ್ನು ಅಳಿಸಬೇಡಿ, ಮುದ್ರಿಸಿಟ್ಟುಕೊಳ್ಳಿ. ಸೋರಿಕೆಯನ್ನು ಅವರೇ ಒಪ್ಪಿಕೊಂಡ ದಾಖಲೆ ಅದೊಂದೇ. ನಿಮ್ಮ ಯಾವ ಯಾವ ಮಾಹಿತಿ ಸೋರಿದೆ ಎಂದು ಸ್ಪಷ್ಟವಾಗಿ ತಿಳಿಸುವಂತೆ ಅವರಿಗೆ ಈಗಲೇ ಬರೆಯಿರಿ. ಸಾಲದ ಅರ್ಜಿಯಲ್ಲಿ ಬಳಕೆಯಾದ ದಾಖಲೆಯ ಪ್ರತಿ ನಿಮ್ಮ ಕೈಗೆ ಬಂದಾಗ, ಅದು ನೀವು ವಿಮೆಗೆ ಕೊಟ್ಟ ಪ್ರತಿಯೇ ಎಂದು ಹೋಲಿಸಿ ನೋಡಿ. ಅದೇ ನೆರಳು, ಅದೇ ಓರೆಯಾದ ಅಂಚು, ನಿಮ್ಮದೇ ಕೈಬರಹದ ಸಹಿ ಮತ್ತು ದಿನಾಂಕ ಕಂಡರೆ ಎರಡು ವ್ಯಾಜ್ಯಗಳ ನಡುವಿನ ಕೊಂಡಿ ಸಿಕ್ಕಿತು.

ಮನೆ ಸಾಲದ ನಷ್ಟವನ್ನೂ ಲೆಕ್ಕ ಹಾಕಿ. ಉದಾಹರಣೆಗೆ, 25 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಶೇ 8.5ರ ಬದಲು ಶೇ 9ಕ್ಕೆ ಪಡೆಯಬೇಕಾಗಿ ಬಂದರೆ ಕಂತಿನಲ್ಲಿ ತಿಂಗಳಿಗೆ ಸುಮಾರು 800 ರೂಪಾಯಿ ಹೆಚ್ಚು, ಒಟ್ಟು ಸುಮಾರು 1.9 ಲಕ್ಷ. ಪರಿಹಾರದ ಅರ್ಜಿಯಲ್ಲಿ ಇಂಥ ಅಂಕೆ ಇದ್ದರೆ ಅದಕ್ಕೆ ತೂಕ ಬರುತ್ತದೆ. ಅದಕ್ಕಾಗಿ ಬ್ಯಾಂಕು ಅರ್ಜಿ ತಿರಸ್ಕರಿಸಿದರೆ ಅಥವಾ ಬಡ್ಡಿ ಹೆಚ್ಚಿಸಿದರೆ ಅದರ ಕಾರಣವನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಪಡೆಯಿರಿ.

ಆದರೆ ಅಷ್ಟು ನಷ್ಟ ಆಗಲು ಬಿಡುವುದೇ ಬೇಡ. ಬೇರೆ ಬೇರೆ ಬ್ಯಾಂಕುಗಳಿಗೆ ಹೊಸ ಅರ್ಜಿ ಹಾಕುತ್ತಾ ಹೋಗಬೇಡಿ, ಪ್ರತಿ ಅರ್ಜಿಯೂ ವಿಚಾರಣೆಗಳ ಪಟ್ಟಿಯಲ್ಲಿ ಒಂದು ಗೆರೆ ಹೆಚ್ಚಿಸುತ್ತದೆ. ನಿಮ್ಮ ಸಂಬಳದ ಖಾತೆ ಇರುವ ಶಾಖೆಯ ವ್ಯವಸ್ಥಾಪಕರನ್ನು ಭೇಟಿಯಾಗಿ, ಪೊಲೀಸ್ ಸ್ವೀಕೃತಿ, ತಿದ್ದುಪಡಿ ಅರ್ಜಿಯ ಸಂಖ್ಯೆ, ಸ್ಟೇಟ್‌ಮೆಂಟ್ ಮೂರನ್ನೂ ಮುಂದಿಟ್ಟು, ಕಡತವನ್ನು ತಿರಸ್ಕರಿಸದೆ ಆರು ವಾರ ಕಾಯ್ದಿರಿಸಲು ಕೇಳಿ. ನಾನು ಆ ಕುರ್ಚಿಯಲ್ಲಿದ್ದಾಗ ಇಂಥ ಕಾಗದ ತಂದವರ ಕಡತವನ್ನು ಹಿಂದಿರುಗಿಸಿದ್ದಿಲ್ಲ.